ಫ್ರಿಜ್ಜಿನಲ್ಲಿ ಮೂರೇ ಸೀಸೆ: ಬಿಸಿಜಿ ತಯಾರಿಸುವವರಿಗೂ ನಿಯಂತ್ರಿಸುವವರಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಬಿಸಿಜಿ ತಯಾರಿಸುವ ಸಂಸ್ಥೆಗಳ ಮುಖ್ಯಸ್ಥರು,
ಔಷಧ ನಿಯಂತ್ರಣ ಪ್ರಾಧಿಕಾರಗಳ ಅಧಿಕಾರಿಗಳು,
ಕ್ಯಾನ್ಸರ್ ಸಂಶೋಧನೆಗೆ ಹಣ ಹಂಚುವ ಸಮಿತಿಗಳ ಸದಸ್ಯರು.

ಮಾನ್ಯರೇ,

ನಾನು ಹದಿನಾಲ್ಕು ವರ್ಷಗಳಿಂದ ಮೂತ್ರಾಂಗ ರೋಗಗಳ ವಿಭಾಗದಲ್ಲಿ ಶುಶ್ರೂಷಕಿ. ವಾರಕ್ಕೊಂದು ದಿನ, ಮಂಗಳವಾರ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನನಗೆ ಒಂದೇ ಕೆಲಸ. ಮೂತ್ರಕೋಶದ ಕ್ಯಾನ್ಸರ್ ಇರುವವರಿಗೆ ಕ್ಯಾತಿಟರ್ ಎಂಬ ತೆಳುವಾದ ನಳಿಕೆ ಹಾಕಿ, ಅದರ ಮೂಲಕ ಬಿಸಿಜಿ ದ್ರಾವಣವನ್ನು ಒಳಕ್ಕೆ ಬಿಡುವುದು. ಬಿಸಿಜಿ ಎಂದರೆ ಜೀವಂತ ಬ್ಯಾಕ್ಟೀರಿಯಾ. ಹಸುಗಳಿಗೆ ಕ್ಷಯ ತರುವ ಸೂಕ್ಷ್ಮಾಣುವನ್ನು ವರ್ಷಗಟ್ಟಲೆ ಪಳಗಿಸಿ ಬಲಗುಂದಿಸಿದ್ದು. ಮಕ್ಕಳಿಗೆ ಕ್ಷಯದ ವಿರುದ್ಧ ಚುಚ್ಚುವ ಲಸಿಕೆಯೂ ಇದೇ. ಮೊದಲ ಸಲ ಕೇಳಿದವರು ಬೆಚ್ಚಿಬೀಳುತ್ತಾರೆ. "ಇರುವ ರೋಗ ಸಾಲದು ಅಂತ ಇನ್ನೊಂದು ರೋಗದ ಕ್ರಿಮಿ ಹಾಕ್ತೀಯಾ ತಾಯಿ?" ಎಂದು ಕೇಳಿದ ಅಜ್ಜಿಯೊಬ್ಬರ ಮುಖ ಇನ್ನೂ ಕಣ್ಣ ಮುಂದಿದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಲ್ಲವೇ ಅಜ್ಜಿ ಎಂದೆ. ಅವರು ಒಪ್ಪಿದರು. ಮೂರು ವರ್ಷ ತಪ್ಪದೆ ಬಂದರು. ಅವರ ಮೂತ್ರಕೋಶ ಇಂದಿಗೂ ಅವರ ದೇಹದಲ್ಲೇ ಇದೆ.

ಈ ಪತ್ರ ಬರೆಯುತ್ತಿರುವುದು ಅಷ್ಟು ಅದೃಷ್ಟವಿಲ್ಲದವರ ಪರವಾಗಿ. ನಾನು ಕೆಲಸ ಮಾಡುವ ಆಸ್ಪತ್ರೆಯ ಹೆಸರನ್ನು ಬರೆಯುವುದಿಲ್ಲ, ಏಕೆಂದರೆ ದೂರು ಅದರ ಮೇಲಲ್ಲ. ಅಲ್ಲಿನ ವೈದ್ಯರೂ ಔಷಧ ವಿಭಾಗದವರೂ ನನ್ನ ಹಾಗೆಯೇ ಕೈಕಟ್ಟಿ ನಿಂತವರು.

ಆ ಮಂಗಳವಾರ ಪಟ್ಟಿಯಲ್ಲಿ ಏಳು ಹೆಸರಿದ್ದವು. ಫ್ರಿಜ್ಜಿನ ಬಾಗಿಲು ತೆಗೆದಾಗ ಇದ್ದದ್ದು ಮೂರು ಸೀಸೆ. ಎಣಿಕೆ ತಪ್ಪಿರಬೇಕೆಂದು ಹಿಂದಿನ ಸಾಲಿನಲ್ಲೂ ಕೈಯಾಡಿಸಿದೆ. ಔಷಧ ವಿಭಾಗಕ್ಕೆ ಫೋನ್ ಮಾಡಿದರೆ, ಸರಬರಾಜು ಬಂದಿಲ್ಲ, ಯಾವಾಗ ಬರುತ್ತದೆಂದು ಕಳಿಸುವವರಿಗೂ ತಿಳಿದಿಲ್ಲ ಎಂದರು. ವೈದ್ಯರು ಪಟ್ಟಿ ಹಿಡಿದು ಕೂತರು. ಮೊದಲ ಆರು ವಾರಗಳ ಇಂಡಕ್ಷನ್‌ನಲ್ಲಿ, ಅಂದರೆ ಚಿಕಿತ್ಸೆಯ ಆರಂಭದ ಸುತ್ತಿನಲ್ಲಿ, ಇರುವವರು ಮೊದಲು. ಮೂತ್ರಕೋಶದ ಒಳಪದರದಲ್ಲಿ ಚಪ್ಪಟೆಯಾಗಿ ಹರಡುವ, ಗೀರಿ ತೆಗೆಯಲಾಗದ ಕ್ಯಾನ್ಸರ್ ಇರುವವರು ಮೊದಲು. ಮೇಂಟೆನೆನ್ಸ್‌ಗೆ, ಅಂದರೆ ರೋಗ ಮರಳದಂತೆ ಆಮೇಲೆ ಕೊಡುವ ಡೋಸ್‌ಗೆ, ಬಂದವರು ಕಾಯಲಿ. ಆ ಸ್ಥಿತಿಯಲ್ಲಿ ಅದಕ್ಕಿಂತ ಸರಿಯಾದ ತೀರ್ಮಾನ ಇರಲಿಲ್ಲ. ಆದರೆ ಉಳಿದ ನಾಲ್ವರಿಗೆ ಅದನ್ನು ಹೇಳಬೇಕಾದವಳು ನಾನು.

ಅವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಮೂತ್ರಕೋಶದಲ್ಲಿ ಔಷಧ ತೆಳುವಾಗಬಾರದೆಂದು ಬೆಳಗ್ಗೆಯಿಂದ ನೀರು ಕುಡಿಯದೆ ಬಂದಿದ್ದರು. ಅವರ ಬಳಿ ಒಂದು ಸಣ್ಣ ನೋಟ್‌ಬುಕ್ ಇತ್ತು. ಅದರಲ್ಲಿ 27 ಚೌಕಗಳನ್ನು ಅವರೇ ಗೆರೆ ಎಳೆದು ಬರೆದುಕೊಂಡಿದ್ದರು. ಮೊದಲ ಆರು ವಾರಕ್ಕೆ ಆರು. ನಂತರ 3, 6, 12, 18, 24, 30 ಮತ್ತು 36ನೆಯ ತಿಂಗಳುಗಳಲ್ಲಿ ಮೂರು ಮೂರರಂತೆ ಇಪ್ಪತ್ತೊಂದು. ಪ್ರತಿ ಡೋಸ್ ಮುಗಿದ ಮೇಲೆ ನನ್ನ ಎದುರಿಗೇ ಒಂದು ಚೌಕಕ್ಕೆ ಗುರುತು ಹಾಕುತ್ತಿದ್ದರು. ಆ ದಿನ ಹನ್ನೆರಡು ಗುರುತುಗಳಿದ್ದವು. ಹದಿಮೂರನೆಯದಕ್ಕೆ ಪೆನ್ನಿನ ಮುಚ್ಚಳ ತೆಗೆದೇ ಬಂದಿದ್ದರು. ವಿಷಯ ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. "ಹಾಗಾದರೆ ಮುಂದಿನ ವಾರ?" ಎಂದು ಕೇಳಿದರು. ಮುಂದಿನ ವಾರವೂ ಬಂದರು. ಅದರ ಮುಂದಿನ ವಾರವೂ ಬಂದರು. ಆಮೇಲೆ ನಾನೇ, ಬಂದರೆ ಫೋನ್ ಮಾಡುತ್ತೇನೆ, ಸುಮ್ಮನೆ ಅಲೆಯಬೇಡಿ ಎಂದೆ.

ಐದು ತಿಂಗಳ ನಂತರದ ಸಿಸ್ಟೋಸ್ಕೋಪಿಯಲ್ಲಿ, ಅಂದರೆ ಮೂತ್ರಕೋಶದೊಳಗೆ ಕೊಳವೆ ಇಳಿಸಿ ನೋಡುವ ಪರೀಕ್ಷೆಯಲ್ಲಿ, ಗಂಟು ಮತ್ತೆ ಕಾಣಿಸಿತು. ಈ ಸಲ ಅದು ಮೂತ್ರಕೋಶದ ಸ್ನಾಯುವಿನೊಳಕ್ಕೆ ಇಳಿದಿತ್ತು. ಸ್ನಾಯುವಿಗೆ ಇಳಿದ ಮೇಲೆ ಬಿಸಿಜಿಗೆ ಅಲ್ಲಿ ಕೆಲಸವಿಲ್ಲ. ಮೂತ್ರಕೋಶವನ್ನೂ ಪ್ರಾಸ್ಟೇಟನ್ನೂ ತೆಗೆದು, ಸಣ್ಣ ಕರುಳಿನ ಒಂದು ತುಂಡಿನಿಂದ ಮೂತ್ರಕ್ಕೆ ದಾರಿ ಮಾಡಿ, ಹೊಟ್ಟೆಯ ಮೇಲೆ ಚೀಲ ಅಂಟಿಸಿದರು. ಅವರು ಬದುಕಿದ್ದಾರೆ. ಡೋಸ್ ತಪ್ಪಿದ್ದರಿಂದಲೇ ಹೀಗಾಯಿತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಎಲ್ಲ ಡೋಸ್ ಪಡೆದವರಲ್ಲೂ ಕೆಲವರಿಗೆ ರೋಗ ಮರಳುತ್ತದೆ, ನಾನೇ ಕಂಡಿದ್ದೇನೆ. ಆದರೆ ಸಿಗಬೇಕಾದದ್ದು ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಅವರು ಹೊತ್ತು ತಿರುಗುವಂತೆ ಆಯಿತಲ್ಲ, ಆ ಹೊರೆ ಅವರದಾಗಬಾರದಿತ್ತು.

ಈ ಸೀಸೆಯೊಳಗೆ ಇರುವುದೇನು ಎಂಬುದನ್ನು ಖರೀದಿಯ ಕಡತ ನೋಡುವವರು ಮರೆತಿರಬಹುದು. ಆದ್ದರಿಂದ ನಾನು ರೋಗಿಗಳಿಗೆ ಹೇಳುವ ಹಾಗೆಯೇ ಹೇಳುತ್ತೇನೆ. ಕ್ಯಾನ್ಸರ್ ಕೋಶ ನಮ್ಮದೇ ಕೋಶ, ದಾರಿ ತಪ್ಪಿದ್ದು. ಮನೆಯವನೇ ಕಳ್ಳನಾದಂತೆ. ಕಾವಲು ತಿರುಗುವ ರಕ್ತಕಣಗಳು ಅದರ ಪಕ್ಕದಲ್ಲೇ ಹಾದುಹೋದರೂ ಗುರುತು ಹಿಡಿಯದೆ ಬಿಡುತ್ತವೆ. ಬ್ಯಾಕ್ಟೀರಿಯಾ ಮಾತ್ರ ಅಪ್ಪಟ ಪರಕೀಯ. ಅದರ ಮೈಮೇಲಿನ ಅಣುಗಳನ್ನು ನಮ್ಮ ದೇಹ ಹುಟ್ಟಿನಿಂದಲೇ ಬಲ್ಲದು. ಬಿಸಿಜಿ ಒಳಗಿಳಿದು ಮೂತ್ರಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ, ಕೋಶಗಳೊಳಗೆ ಸೇರಿಕೊಳ್ಳುತ್ತದೆ. ಆಗ ಆ ಕೋಶಗಳು ಕೂಗು ಹಾಕುತ್ತವೆ. ಇಂಟರ್‌ಲ್ಯೂಕಿನ್ ಎಂಬ ರಾಸಾಯನಿಕ ಸಂದೇಶಗಳೇ ಆ ಕೂಗು. ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಕಾವಲು ಕಣಗಳು ನುಗ್ಗುತ್ತವೆ. ಅವುಗಳ ಬೆನ್ನಿಗೆ ಮ್ಯಾಕ್ರೋಫೇಜ್‌ಗಳು, ಟಿ ಕೋಶಗಳು, ನ್ಯಾಚುರಲ್ ಕಿಲ್ಲರ್ ಕೋಶಗಳು. ಪರಕೀಯನನ್ನು ಹುಡುಕಿ ಬಂದ ಸೈನ್ಯ ಅಡಗಿದ್ದ ಮನೆಗಳ್ಳನನ್ನೂ ಹಿಡಿಯುತ್ತದೆ.

ಇದು ಒಂದೇ ವಾರದಲ್ಲಿ ಆಗುವುದಿಲ್ಲ. ಮೊದಲ ಡೋಸ್‌ನಲ್ಲಿ ಹೆಚ್ಚಿನವರಿಗೆ ಏನೂ ಅನಿಸುವುದಿಲ್ಲ. ಮೂರನೆಯ, ನಾಲ್ಕನೆಯ ವಾರಕ್ಕೆ ಉರಿಮೂತ್ರ, ಪದೇಪದೇ ಓಡುವುದು, ಸಂಜೆ ಸಣ್ಣ ಜ್ವರ. ರೋಗಿಗಳು ಹೆದರಿ ಫೋನ್ ಮಾಡಿದಾಗ, ಹೆಚ್ಚಿನ ಸಲ ಅದು ದೇಹ ಎಚ್ಚೆತ್ತಿರುವ ಲಕ್ಷಣ ಎಂದು ಧೈರ್ಯ ಹೇಳುತ್ತೇನೆ. ವಾರ ವಾರ ತಪ್ಪದೆ ಕೊಟ್ಟಾಗಲೇ ಆ ಎಚ್ಚರ ಬೆಳೆಯುತ್ತದೆ, ತಿಂಗಳುಗಳ ನಂತರ ಮತ್ತೆ ಮೂರು ಮೂರು ಸಲ ಕೊಟ್ಟಾಗಲೇ ಅದು ಉಳಿಯುತ್ತದೆ. ಹೊಸದಾಗಿ ಪತ್ತೆಯಾಗುವ ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ನಾಲ್ಕರಲ್ಲಿ ಮೂರು ಇನ್ನೂ ಸ್ನಾಯುವನ್ನು ಮುಟ್ಟಿರುವುದಿಲ್ಲ. ಅವರಲ್ಲಿ ಅಪಾಯ ಹೆಚ್ಚಿರುವವರಿಗೆ, ಗಂಟನ್ನು ಗೀರಿ ತೆಗೆದ ಮೇಲೆ, ದಶಕಗಳಿಂದ ಮೊದಲ ಸಾಲಿನಲ್ಲಿ ನಿಂತಿರುವ ಚಿಕಿತ್ಸೆ ಇದು. ಚಪ್ಪಟೆಯಾಗಿ ಹರಡುವ ಬಗೆಯಲ್ಲಿ ಸುಮಾರು 70 ಶೇಕಡ ಜನರಲ್ಲಿ ರೋಗದ ಕುರುಹು ಪೂರ್ತಿ ಮಾಯವಾಗುತ್ತದೆ. ಇಂಥ ಔಷಧಕ್ಕೆ ಬದಲಿ ಹುಡುಕುವುದು ಸುಲಭವಿಲ್ಲ.

ಮಾನ್ಯರೇ, ಈ ದಾರಿ ಒಮ್ಮೆ ಕೈತಪ್ಪಿ ಹೋಗಿತ್ತು. ಆ ಕಥೆ ನಿಮಗೆ ಗೊತ್ತಿರಬಹುದು, ಆದರೂ ಹೇಳದೆ ಮುಂದೆ ಹೋಗಲಾರೆ. 1890ರಲ್ಲಿ ನ್ಯೂಯಾರ್ಕ್‌ನ ಯುವ ಶಸ್ತ್ರವೈದ್ಯ ವಿಲಿಯಂ ಕೋಲಿ 17 ವರ್ಷದ ಹುಡುಗಿಯೊಬ್ಬಳ ಕೈಯ ಮೂಳೆಯ ಬಳಿ ಸಾರ್ಕೋಮಾ ಎಂಬ ಬಗೆಯ ಕ್ಯಾನ್ಸರ್ ಕಂಡರು. ಮುಂಗೈ ಕತ್ತರಿಸಿದರೂ ಉಳಿಸಲಾಗಲಿಲ್ಲ. ಕೆಲವೇ ತಿಂಗಳಲ್ಲಿ ಆಕೆ ತೀರಿಕೊಂಡಳು. ಆ ಸಾವು ಅವರನ್ನು ಬಿಡಲಿಲ್ಲ. ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆರೆದು ಕೂತರು. ಅಲ್ಲೊಬ್ಬ ಜರ್ಮನ್ ವಲಸಿಗನ ಹೆಸರು ಸಿಕ್ಕಿತು. ಕುತ್ತಿಗೆಯ ಗಂಟನ್ನು ಮತ್ತೆ ಮತ್ತೆ ಕತ್ತರಿಸಿದರೂ ಬೆಳೆಯುತ್ತಿತ್ತು. ಗಾಯಕ್ಕೆ ವಿಸರ್ಪ ತಗುಲಿ, ಅಂದರೆ ಸ್ಟ್ರೆಪ್ಟೊಕಾಕಸ್‌ನಿಂದ ಚರ್ಮ ಕೆಂಪಾಗಿ ಉರಿದು ಜ್ವರ ಏರಿ, ಅದು ಇಳಿಯುವ ಹೊತ್ತಿಗೆ ಗಂಟೂ ಇಳಿದಿತ್ತು. ಕೋಲಿ ದಾಖಲೆಯನ್ನು ಓದಿ ಮುಚ್ಚಿಡಲಿಲ್ಲ. ಆತನನ್ನು ಹುಡುಕಿಕೊಂಡು ಬೀದಿ ಬೀದಿ ಅಲೆದರು, ವರ್ಷಗಳ ನಂತರವೂ ಆತ ಆರೋಗ್ಯವಾಗಿರುವುದನ್ನು ಕಣ್ಣಾರೆ ಕಂಡರು. ಒಬ್ಬ ರೋಗಿಯ ಮುಂದಿನ ಕಥೆ ಏನಾಯಿತೆಂದು ತಿಳಿಯಲು ವೈದ್ಯನೊಬ್ಬ ಹೀಗೆ ಮನೆ ಬಾಗಿಲು ತಟ್ಟಿದ್ದು ನನಗೆ ಅವರ ಚುಚ್ಚುಮದ್ದುಗಳಿಗಿಂತಲೂ ದೊಡ್ಡದೆನಿಸುತ್ತದೆ.

1891ರಲ್ಲಿ ಅವರು ಜೀವಂತ ಸ್ಟ್ರೆಪ್ಟೊಕಾಕಸ್ ಅನ್ನೇ ಗಂಟಿಗೆ ಚುಚ್ಚಿದರು. ಕೆಲವರಿಗೆ ಸೋಂಕು ತಗುಲಲೇ ಇಲ್ಲ, ಕೆಲವರನ್ನು ಸೋಂಕೇ ಕೊಂದಿತು. ಆಮೇಲೆ ಸ್ಟ್ರೆಪ್ಟೊಕಾಕಸ್ ಮತ್ತು ಸೆರೇಷಿಯಾ ಎಂಬ ಎರಡು ಬ್ಯಾಕ್ಟೀರಿಯಾಗಳನ್ನು ಬಿಸಿಯಿಂದ ಕೊಂದು ಬೆರೆಸಿದರು. ಅದೇ ಮುಂದೆ ಕೋಲಿ ಟಾಕ್ಸಿನ್ ಎನಿಸಿತು. 1893ರಲ್ಲಿ ಹೊಟ್ಟೆಯಲ್ಲಿ ದೊಡ್ಡ ಸಾರ್ಕೋಮಾ ಇದ್ದ 16 ವರ್ಷದ ಹುಡುಗನಿಗೆ ಅದನ್ನು ತಿಂಗಳುಗಟ್ಟಲೆ ಕೊಟ್ಟರು. ಆತ ಇನ್ನೂ 26 ವರ್ಷ ಬದುಕಿ ಹೃದಯಾಘಾತದಿಂದ ತೀರಿಕೊಂಡ. ಆದರೆ ಮದ್ದಿನ ಬಲ ಒಂದೊಂದು ತಯಾರಿಕೆಯಲ್ಲಿ ಒಂದೊಂದು ರೀತಿ. ಕೊಡುವ ವಿಧಾನವೂ ಬೇರೆ ಬೇರೆ. ಅಷ್ಟರಲ್ಲಿ ಕ್ಷಕಿರಣ ಬಂತು, ಅಳೆಯಲು ಸುಲಭವಾದ ಚಿಕಿತ್ಸೆ ಅದು. ಎಲ್ಲರೂ ಅತ್ತ ಹೊರಟರು. 1936ರಲ್ಲಿ ಕೋಲಿ ತೀರಿಕೊಂಡ ಮೇಲೆ ಅವರ ಮಗಳು ಹೆಲೆನ್ ಕೋಲಿ ನಾಟ್ಸ್, ವೈದ್ಯಕೀಯ ಓದದ ಹೆಂಗಸು, ತಂದೆಯ ಕಾಗದಪತ್ರಗಳನ್ನು ಒಂದೊಂದಾಗಿ ಜೋಡಿಸಿ, 1953ರಲ್ಲಿ 2,000 ಡಾಲರ್ ನೆರವಿನಿಂದ ಕ್ಯಾನ್ಸರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಬ್ಯಾಕ್ಟೀರಿಯಾದ ಮೈಯ ಕೊಬ್ಬಿನಂಶವನ್ನು ನಮ್ಮ ಕೋಶಗಳು ಗುರುತಿಸುವ ಬಾಗಿಲು ಯಾವುದೆಂದು 1998ರಲ್ಲಿ ತಿಳಿಯಿತು, ಅದಕ್ಕೆ 2011ರಲ್ಲಿ ಬ್ರೂಸ್ ಬಾಯ್ಟ್ಲರ್ ಅವರಿಗೆ ನೊಬೆಲ್ ಸಂದಿತು. ಕೋಲಿ ಕಂಡದ್ದಕ್ಕೆ ಕಾರಣದ ಎಳೆ ಸಿಗಲು ನೂರು ವರ್ಷ ಬೇಕಾಯಿತು. ಅವರ ಕಾಲದಲ್ಲೇ ಮದ್ದನ್ನು ಒಂದೇ ಅಳತೆಗೆ ತರುವ, ಫಲಿತಾಂಶ ಬರೆದಿಡುವ ವ್ಯವಸ್ಥೆ ಇದ್ದಿದ್ದರೆ ಇಷ್ಟು ತಡವಾಗುತ್ತಿರಲಿಲ್ಲವೆಂದು ನಾನು ನಂಬುತ್ತೇನೆ.

ಬಿಸಿಜಿಯ ಹಿಂದಿರುವುದೂ ಇಂಥದೇ ಹಟ. ಫ್ರಾನ್ಸಿನ ಲೀಲ್ ನಗರದಲ್ಲಿ ಆಲ್ಬರ್ಟ್ ಕಾಲ್ಮೆಟ್ ಮತ್ತು ಕಮಿಲ್ ಗೆರಾನ್ 1908ರಿಂದ 1921ರವರೆಗೆ, ಪಿತ್ತರಸ ಮತ್ತು ಗ್ಲಿಸರಿನ್‌ನಲ್ಲಿ ಬೇಯಿಸಿದ ಆಲೂಗಡ್ಡೆಯ ಚೂರುಗಳ ಮೇಲೆ ಹಸುವಿನ ಕ್ಷಯದ ಆ ಸೂಕ್ಷ್ಮಾಣುವನ್ನು 230 ಸಲ ನಾಟಿ ಮಾಡಿದರು. ಯುದ್ಧ ಬಂದು ಊರು ಶತ್ರುವಶವಾದಾಗಲೂ ನಿಲ್ಲಿಸಲಿಲ್ಲ. 1959ರಲ್ಲಿ ಲಾಯ್ಡ್ ಓಲ್ಡ್ ಮತ್ತು ಜೊತೆಗಾರರು, ಬಿಸಿಜಿ ಹಾಕಿದ ಇಲಿಗಳು ಗಂಟುಗಳನ್ನು ತಡೆದುಕೊಳ್ಳುತ್ತವೆಂದು ತೋರಿಸಿದರು. 1976ರಲ್ಲಿ ಕೆನಡಾದ ಅಲ್ವಾರೊ ಮೊರಾಲೆಸ್ ಒಂಬತ್ತು ರೋಗಿಗಳ ಮೂತ್ರಕೋಶಕ್ಕೆ ಅದನ್ನು ಬಿಟ್ಟ ವರದಿ ಪ್ರಕಟಿಸಿದರು. ಆರು ವಾರ ಏಕೆ ಎಂದು ರೋಗಿಗಳು ಕೇಳುತ್ತಾರೆ. ಉತ್ತರ ತುಂಬ ಸರಳ: ಮೊರಾಲೆಸ್ ಅವರಿಗೆ ಸಿಕ್ಕ ಬಿಸಿಜಿ ಆರು ಸೀಸೆಗಳ ಕಟ್ಟಿನಲ್ಲಿ ಬರುತ್ತಿತ್ತು. ಉರಿ, ಜ್ವರ ಒಂದು ವಾರದೊಳಗೆ ಇಳಿಯುತ್ತಿದ್ದುದರಿಂದ ವಾರಕ್ಕೊಂದು. ಆ ಲೆಕ್ಕವೇ ಇಂದಿಗೂ ನಡೆದಿದೆ. 1990ರಲ್ಲಿ ಅಮೆರಿಕದ ನಿಯಂತ್ರಕರು ಒಪ್ಪಿಗೆ ಕೊಟ್ಟರು. 2000ದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಆರರ ಮೇಲೆ ಮೂರು ವರ್ಷ ಮೇಂಟೆನೆನ್ಸ್ ಕೊಟ್ಟರೆ ರೋಗ ಮರಳುವುದು ಗಣನೀಯವಾಗಿ ತಗ್ಗುತ್ತದೆಂದು ತೋರಿಸಿತು. ಮೇಷ್ಟ್ರ ನೋಟ್‌ಬುಕ್ಕಿನ 27 ಚೌಕಗಳು ಅಲ್ಲಿಂದ ಬಂದವು.

ಈಗ ನನ್ನ ದೂರಿಗೆ ಬರುತ್ತೇನೆ. 2012ರಲ್ಲಿ ಟೊರಾಂಟೊದ ಒಂದು ಕಾರ್ಖಾನೆಯಲ್ಲಿ ಬೂಷ್ಟು ಕಾಣಿಸಿ ಉತ್ಪಾದನೆ ನಿಂತಿತು. ಅಲ್ಲಿ ತಯಾರಾಗುತ್ತಿದ್ದ ಕೊನಾಟ್ ಎಂಬ ಬಿಸಿಜಿ ತಳಿ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ; 2017ರಲ್ಲಿ ತಯಾರಿಕೆ ಶಾಶ್ವತವಾಗಿ ಮುಗಿಯಿತು. 2014ರಲ್ಲಿ ಒಂದು ಕೊರತೆ, 2019ರಲ್ಲಿ ಅದಕ್ಕಿಂತ ದೊಡ್ಡ ಕೊರತೆ. ಹಲವು ದೇಶಗಳು ಒಬ್ಬನೇ ತಯಾರಕನ ಮುಖ ನೋಡುವ ಸ್ಥಿತಿ ಬಂತು. ಇನ್ನೂ ಒಂದು ಮಾತು ಹೇಳಿದರೆ ಹೊಟ್ಟೆ ಉರಿಯುತ್ತದೆ: 2014ರಲ್ಲೇ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೋಗಿಗಳ ಸಂಖ್ಯೆ ಚಿಕ್ಕದೇ ಆದರೂ, ಕೊನಾಟ್ ತಳಿ ಪಡೆದವರಲ್ಲಿ ರೋಗ ಮರಳಿದ್ದು ಟೈಸ್ ಎಂಬ ಇನ್ನೊಂದು ತಳಿ ಪಡೆದವರಿಗಿಂತ ಕಡಿಮೆ. ಅದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡುವ ಮೊದಲೇ ಆ ತಳಿ ಮಾರುಕಟ್ಟೆಯಿಂದ ಹೋಯಿತು.

ತಯಾರಿಸುವುದು ಕಷ್ಟ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಮಾಮೂಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೆ ಎರಡಾದರೆ ಇದು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ಒಂದು ಬ್ಯಾಚ್ ಬೆಳೆದು, ಒಣಗಿ, ಪರೀಕ್ಷೆ ಮುಗಿಸಿ ಹೊರಬರಲು ಮೂರು ತಿಂಗಳಿಗೂ ಹೆಚ್ಚು. ಒಂದು ಡೋಸ್‌ನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಜೀವಂತವಾಗಿರಬೇಕು. 2ರಿಂದ 8 ಡಿಗ್ರಿಯಲ್ಲಿ, ಬೆಳಕು ಬೀಳದಂತೆ ನಮ್ಮ ಫ್ರಿಜ್ಜಿಗೆ ತಲುಪಬೇಕು. ಇಷ್ಟೆಲ್ಲ ಮಾಡಿಯೂ ಹೊಸ ಕ್ಯಾನ್ಸರ್ ಔಷಧಗಳ ಹಾಗೆ ಲಾಭ ತರುವುದಿಲ್ಲ, ಏಕೆಂದರೆ ಇದಕ್ಕೆ ಯಾರ ಪೇಟೆಂಟೂ ಇಲ್ಲ. ನೂರು ವರ್ಷ ಹಳೆಯದು ಎಂಬುದೇ ಇದರ ಅಪರಾಧವಾಗಿದೆ. ಆದರೆ ತಡವಾಗಿ ಬೆಳೆಯುವ ಬೆಳೆಯನ್ನು ಮೊದಲೇ ಬಿತ್ತಬೇಕಲ್ಲವೇ? ಮೂರು ತಿಂಗಳು ಹಿಡಿಯುವ ವಸ್ತುವಿನ ಕೊರತೆ ಮೂರು ದಿನದಲ್ಲಿ ಹುಟ್ಟುವುದಿಲ್ಲ. ಆ ಮಂಗಳವಾರ ನಮ್ಮ ಫ್ರಿಜ್ಜಿನಲ್ಲಿ ಮೂರೇ ಸೀಸೆ ಇರುತ್ತವೆಂದು ಎಲ್ಲೋ ಯಾರಿಗೋ ವಾರಗಳ ಮುಂಚೆಯೇ ಗೊತ್ತಿತ್ತು. ನಮಗೆ ಒಂದು ಸಾಲು ಬರೆದವರಿಲ್ಲ. ನನಗೆ ಹೆಚ್ಚು ನೋವಾದದ್ದು ಕೊರತೆಗಿಂತಲೂ ಈ ಮೌನದಿಂದ.

ಕೊರತೆ ಬಂದಾಗ ಒಂದು ಸೀಸೆಯನ್ನು ಮೂವರಿಗೆ ಹಂಚಿ ಎಂಬ ಸಲಹೆ ಬರುತ್ತದೆ. ನಾನೂ ಹಂಚಿದ್ದೇನೆ. ಅಪಾಯ ಕಡಿಮೆ ಇರುವವರಿಗೆ ಅದು ಸಾಕಾಗಬಹುದು. ಆದರೆ 2013ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನ, ಹೆಚ್ಚು ಅಪಾಯದ ರೋಗಿಗಳಲ್ಲಿ ಪೂರ್ಣ ಡೋಸ್ ಅನ್ನು ಮೂರು ವರ್ಷ ಕೊಟ್ಟಾಗ ರೋಗ ಮರಳುವುದು ಕಡಿಮೆ ಎಂದು ತೋರಿಸಿದೆ. ಬಿಸಿಜಿ ಕೊಡುವ ಸಲಗಳನ್ನು ಕಡಿಮೆ ಮಾಡಿ ನೋಡೋಣವೆಂದು ನಡೆಸಿದ ಇನ್ನೊಂದು ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಕಡಿಮೆ ಸಲ ಪಡೆದವರಲ್ಲಿ ಗಂಟು ಹೆಚ್ಚು ಮರಳುತ್ತಿತ್ತು. ಅದರ ವರದಿ 2020ರಲ್ಲಿ ಬಂತು. ಮೇಂಟೆನೆನ್ಸ್ ತಪ್ಪಿದರೆ ಏನಂತೆ ಎಂದು ಕೇಳುವವರು ಅದನ್ನು ಓದಬೇಕು. ಜೆಮ್ಸಿಟಾಬಿನ್‌ನಂಥ ಕೀಮೋಥೆರಪಿ ಔಷಧಗಳನ್ನು ಮೂತ್ರಕೋಶಕ್ಕೆ ಬಿಡುವ ದಾರಿಯೂ ಇದೆ, ಬಿಸಿಜಿ ಇಲ್ಲದ ದಿನಗಳಲ್ಲಿ ಅದು ಅನೇಕರಿಗೆ ಆಸರೆಯಾಗಿದೆ. ಆದರೆ ಬೇರೆ ಗತಿಯಿಲ್ಲದೆ ಅತ್ತ ಹೋಗುವುದೂ ವೈದ್ಯರು ಅಳೆದು ತೂಗಿ ಕಳಿಸುವುದೂ ಒಂದೇ ಅಲ್ಲ. ಹೊಸ ಔಷಧಗಳು ಬರುತ್ತಿವೆ, ಹಳೆಯದರ ಚಿಂತೆ ಏಕೆ ಎನ್ನುವವರಿಗೂ ಒಂದು ಮಾತು: 2024ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಇಂಟರ್‌ಲ್ಯೂಕಿನ್ 15 ಅನ್ನು ಆಧರಿಸಿದ ಔಷಧವನ್ನು ಕೊಡಬೇಕಾದದ್ದು ಬಿಸಿಜಿಯ ಜೊತೆಗೇ. ಹಳೆಯ ಸೀಸೆ ಇಲ್ಲದಿದ್ದರೆ ಆ ಹೊಸ ಸೀಸೆಯನ್ನೂ ತೆರೆಯುವಂತಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತಿದ್ದೇನೆ. ತಯಾರಕರೇ, ನಿಮ್ಮ ಕೈಯಲ್ಲಿ ಎಷ್ಟು ದಾಸ್ತಾನಿದೆ, ಮುಂದಿನ ಆರು ತಿಂಗಳಲ್ಲಿ ಎಷ್ಟು ಬರಲಿದೆ ಎಂಬುದನ್ನು ಆಸ್ಪತ್ರೆಗಳಿಗೆ ಮೊದಲೇ ತಿಳಿಸಿ. ಕೆಟ್ಟ ಸುದ್ದಿಯಾದರೂ ಸರಿ. ಬರುವುದಿಲ್ಲ ಎಂದು ಗೊತ್ತಿದ್ದರೆ ವೈದ್ಯರು ಹೊಸ ರೋಗಿಗೆ ಬೇರೆ ದಾರಿ ಯೋಚಿಸುತ್ತಾರೆ, ಅರ್ಧ ದಾರಿಯಲ್ಲಿ ಇರುವವರಿಗೆ ಸೀಸೆ ಎತ್ತಿಡುತ್ತಾರೆ. ಒಂದು ತಯಾರಿಕಾ ಘಟಕವನ್ನು ಮುಚ್ಚುವ ನಿರ್ಧಾರ ಮಾಡಿದರೆ, ತಳಿಯನ್ನೂ ತಯಾರಿಕೆಯ ಜ್ಞಾನವನ್ನೂ ಬೇರೊಬ್ಬರಿಗೆ ಒಪ್ಪಿಸಿ ಹೋಗಿ. ಕೊನಾಟ್‌ನಂತೆ ಇನ್ನೊಂದು ತಳಿ ಚಿಕಿತ್ಸೆಯಿಂದ ಕಳೆದುಹೋಗಬಾರದು.

ನಿಯಂತ್ರಕರೇ, ಬಿಸಿಜಿ ತಳಿಗಳು ಹಲವು ಇವೆ. ಟೋಕಿಯೊ, ಮಾಸ್ಕೋ, ಡ್ಯಾನಿಶ್, ಟೈಸ್. ಒಂದು ದೇಶದಲ್ಲಿ ವರ್ಷಗಳಿಂದ ಬಳಕೆಯಲ್ಲಿರುವ ತಳಿಯನ್ನು ಇನ್ನೊಂದು ದೇಶ ಮುಟ್ಟುವುದಿಲ್ಲ, ಏಕೆಂದರೆ ಕಾಗದ ಬೇರೆ. ಸುರಕ್ಷತೆಯಲ್ಲಿ ರಾಜಿ ಮಾಡಿಕೊಳ್ಳಿ ಎಂದು ನಾನು ಕೇಳುತ್ತಿಲ್ಲ, ಕೇಳುವುದೂ ಇಲ್ಲ. ಈ ಔಷಧದ ಅಪಾಯವನ್ನು ನಾನು ಹತ್ತಿರದಿಂದ ಬಲ್ಲೆ. ಕೊರತೆ ಬಂದ ಮೇಲೆ ಅರ್ಜಿ ತೆರೆಯುವ ಬದಲು, ಒಳ್ಳೆಯ ದಿನಗಳಲ್ಲೇ ಎರಡು ಮೂರು ಮೂಲಗಳಿಗೆ ಒಪ್ಪಿಗೆ ಸಿದ್ಧವಾಗಿಡಿ ಎಂದು ಕೇಳುತ್ತಿದ್ದೇನೆ. ಯಾವ ರೋಗಿಗೆ ಮೊದಲು ಎಂಬ ನಿಯಮವೂ ಲಿಖಿತವಾಗಿ, ಎಲ್ಲರಿಗೂ ಕಾಣುವಂತೆ ಇರಲಿ. ಮೇಷ್ಟ್ರಿಗೆ ನಾನು ತೋರಿಸಲು ಒಂದು ಕಾಗದವಾದರೂ ಇದ್ದಿದ್ದರೆ, ಯಾರದೋ ಶಿಫಾರಸಿನಿಂದ ತಮ್ಮ ಸರದಿ ತಪ್ಪಿತೇ ಎಂಬ ಅನುಮಾನ ಅವರ ಹೆಂಡತಿಯ ಕಣ್ಣಲ್ಲಿ ನಾನು ಕಾಣಬೇಕಾಗುತ್ತಿರಲಿಲ್ಲ.

ಹಣ ಹಂಚುವ ಸಮಿತಿಗಳವರೇ, ಆರು ವಾರ ಎಂಬುದು ಕಟ್ಟಿನಲ್ಲಿದ್ದ ಸೀಸೆಗಳ ಲೆಕ್ಕದಿಂದ ಹುಟ್ಟಿದ್ದು ಎಂದೆನಲ್ಲ. ಅರ್ಧ ಶತಮಾನ ಕಳೆದರೂ ಎಷ್ಟು, ಯಾವ ತಳಿ, ಯಾರಿಗೆ ಎಂಬ ಪ್ರಶ್ನೆಗಳು ಉಳಿದಿವೆ. ಇವುಗಳಿಗೆ ಉತ್ತರ ಹುಡುಕಿದರೆ ಯಾವ ಕಂಪನಿಗೂ ಲಾಭವಿಲ್ಲ, ಆದ್ದರಿಂದ ಸಾರ್ವಜನಿಕ ಹಣವೇ ಬೇಕು. ಗಂಟಿನ ಆಮ್ಲಜನಕವಿಲ್ಲದ ಮಧ್ಯಭಾಗದಲ್ಲಿ ಮಾತ್ರ ಬೆಳೆಯುವ ಕ್ಲಾಸ್ಟ್ರಿಡಿಯಂ, ಬಲಗುಂದಿಸಿದ ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾಗಳನ್ನು ಕ್ಯಾನ್ಸರ್ ವಿರುದ್ಧ ಬಳಸುವ ಪ್ರಯೋಗಗಳನ್ನೂ ಆಸೆಯಿಂದ ಓದುತ್ತೇನೆ. ಇಲಿಗಳಲ್ಲಿ ಕಂಡದ್ದು ಮನುಷ್ಯರಲ್ಲಿ ಅಷ್ಟಾಗಿ ಕಂಡಿಲ್ಲ, ಸಾಲ್ಮೊನೆಲ್ಲಾದ ಮೊದಲ ಪ್ರಯೋಗವಂತೂ ನಿರಾಸೆ ತಂದಿತು. ಆದರೂ ಅವು ನಡೆಯಲಿ, ಫಲಿತಾಂಶ ಏನೇ ಬಂದರೂ ಪ್ರಕಟವಾಗಲಿ.

ಇನ್ನೊಂದು ವಿಷಯ ಹೇಳದಿದ್ದರೆ ಪತ್ರ ಅರ್ಧವಾಗುತ್ತದೆ. ನಮ್ಮ ಕಪಾಟು ಖಾಲಿಯಾದಾಗ ಬೇರೆಯವರ ಅಂಗಡಿ ತೆರೆಯುತ್ತದೆ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ, ಕೋಲಿಯ ಮದ್ದನ್ನೇ ಕೊಡುತ್ತೇವೆ ಎಂದು ಆಸೆ ತೋರಿಸುವವರ ಚೀಟಿಗಳನ್ನು ರೋಗಿಗಳು ತಂದು ನನಗೆ ತೋರಿಸಿದ್ದಾರೆ. ಉರಿಯುವ ಮನೆಯಲ್ಲಿ ಗಳ ಹಿರಿಯುವ ಕೆಲಸ ಅದು. ಬ್ಯಾಕ್ಟೀರಿಯಾ ಆಟದ ವಸ್ತುವಲ್ಲ. ಕ್ಯಾತಿಟರ್ ಹಾಕುವಾಗ ಒಂದು ಹನಿ ರಕ್ತ ಕಂಡರೂ, ಕೈಯಲ್ಲಿ ಸೀಸೆ ಇದ್ದರೂ, ನಾನು ಆ ದಿನ ಬಿಸಿಜಿ ಕೊಡುವುದಿಲ್ಲ. ಅದು ರಕ್ತಕ್ಕೆ ಸೇರಿದರೆ ಮೈಯೆಲ್ಲ ಹರಡಿ ಜೀವಕ್ಕೇ ಕುತ್ತು. ಹಾಗೆ ಜ್ವರ ಏರಿ, ತಿಂಗಳುಗಟ್ಟಲೆ ಕ್ಷಯದ ಔಷಧ ತಿನ್ನಬೇಕಾದ ಒಬ್ಬರನ್ನು ನಾನೇ ಶುಶ್ರೂಷೆ ಮಾಡಿದ್ದೇನೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಇದನ್ನು ಕೊಡುವಂತಿಲ್ಲ. ಎರಡು ಗಂಟೆ ಒಳಗಿರಿಸಿಕೊಂಡು ಮೂತ್ರ ಮಾಡಿದ ಮೇಲೆ ಶೌಚಕ್ಕೆ ಬ್ಲೀಚ್ ಸುರಿಯಬೇಕು, ಆರು ಗಂಟೆಯವರೆಗೆ ಪ್ರತಿ ಸಲವೂ. ಇಷ್ಟು ಎಚ್ಚರ ಬೇಡುವ ಚಿಕಿತ್ಸೆಯ ಹೆಸರನ್ನು ಬಳಸಿಕೊಂಡು ಯಾರೋ ಏನನ್ನೋ ರಕ್ತನಾಳಕ್ಕೆ ಹರಿಸುತ್ತಿದ್ದರೆ ಅದನ್ನು ತಡೆಯುವುದು ನಿಮ್ಮ ಕೆಲಸ. ಸಾಬೀತಾದ ಔಷಧ ಸಮಯಕ್ಕೆ ಸಿಕ್ಕರೆ ಅವರ ಬಾಗಿಲಿಗೆ ಹೋಗುವವರು ತಾವಾಗಿಯೇ ಕಡಿಮೆಯಾಗುತ್ತಾರೆ, ಅದನ್ನೂ ಗಮನಿಸಿ.

ಮೇಷ್ಟ್ರು ಕಳೆದ ತಿಂಗಳು ಚೀಲ ಬದಲಿಸಿಕೊಳ್ಳಲು ಬಂದಿದ್ದರು. ಹೋಗುವಾಗ ಆ ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು, ಇನ್ನು ನನಗೆ ಬೇಡ, ಬೇರೆ ಯಾರಿಗಾದರೂ ಲೆಕ್ಕ ಇಡಲು ಕೊಡಿ ಎಂದರು. ಹದಿನೈದು ಚೌಕಗಳು ಹಾಗೆಯೇ ಖಾಲಿ ಇವೆ. ಬರುವ ಮಂಗಳವಾರದ ಪಟ್ಟಿಯಲ್ಲಿ ಆರು ಹೆಸರುಗಳಿವೆ, ಫ್ರಿಜ್ಜಿನಲ್ಲಿ ನಾಲ್ಕು ಸೀಸೆಗಳಿವೆ. ಉಳಿದ ಇಬ್ಬರಿಗೆ ಏನು ಹೇಳಲಿ ಎಂಬುದಕ್ಕೆ ನಿಮ್ಮ ಉತ್ತರವನ್ನು ಕಾಯುತ್ತಿದ್ದೇನೆ.

ಇಂತಿ ನಮಸ್ಕಾರಗಳೊಂದಿಗೆ,
ಮೂತ್ರಾಂಗ ರೋಗಗಳ ವಿಭಾಗದ ಒಬ್ಬ ಶುಶ್ರೂಷಕಿ